ವೀಳ್ಯ ಕೊಡುವ ಕೈ

ಲೋಕೇಶನ ಡೈರಿಯಲ್ಲಿ ಸುಳ್ಳು ನಡೆಯುವುದಿಲ್ಲ. ಹಾಗಂತ ಅವನೇ ಹೇಳುತ್ತಾನೆ. ಕ್ಯಾನು ಹಿಡಿದು ಸಾಲಾಗಿ ನಿಂತ ಹೆಂಗಸರಿಗೆಲ್ಲ ಕೇಳುವಂತೆ, ದಿನಾ ಬೆಳಿಗ್ಗೆ.

ಬೂಕನಕೆರೆಯಿಂದ ಒಂದು ಕೂಗಳತೆ ದೂರದ ಸಣ್ಣ ಊರು ಅದು. ಊರಿಗೊಂದು ಹಾಲಿನ ಡೈರಿ, ಡೈರಿಗೊಬ್ಬ ಸೆಕ್ರೆಟರಿ. ಆ ಸೆಕ್ರೆಟರಿ ಲೋಕೇಶ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹಾಲಿನಲ್ಲಿ ನೀರಿದೆಯೋ ಇಲ್ಲವೋ ಎಂದು ಅವನು ಲ್ಯಾಕ್ಟೋಮೀಟರ್ ಇಳಿಬಿಡುವಾಗ ಎದುರಿಗಿದ್ದವಳ ಉಸಿರು ನಿಲ್ಲುತ್ತದೆ. ಹಾಲು ತೆಳುವಾಗಿದ್ದರೆ ಅವನು ಮೆಲ್ಲಗೆ ಹೇಳುವವನಲ್ಲ. ಎಲ್ಲರಿಗೂ ಕೇಳಬೇಕು. ಇನ್ನೊಬ್ಬರು ಕಲಿಯಬೇಕಲ್ಲ.

ದೊಡ್ಡತಾಯಮ್ಮನ ವಿಷಯ ಊರಿಗೆಲ್ಲ ಗೊತ್ತು. ಗಂಡ ಸತ್ತ ಹೆಂಗಸು, ಒಂದೇ ಹಸು. ಅವಳು ಒಂದು ಬೆಳಿಗ್ಗೆ ಕ್ಯಾನಿನ ಜೊತೆಗೆ ಒಂದು ಚೊಂಬಿನಲ್ಲೂ ಹಾಲು ತಂದಿದ್ದಳು. ಟೆಸ್ಟಿಗೆ ಚೊಂಬಿನದು ನೋಡಪ್ಪ ಅಂದಳು. ಚೊಂಬಿನದು ಪಕ್ಕದ ಮನೆಯ ಗಟ್ಟಿ ಹಾಲು.

"ಇದು ಯಾರ್ ಮನೇದು ಅಂತ ನಂಗೆಂಗ್ ಗೊತ್ತಾಯ್ತದೆ?" ಅಂದ ಲೋಕೇಶ. "ಮನೆಯಿಂದ ಬ್ಯಾರೆ ತಂದಿದ್ದು ಇಲ್ಲಿ ನಡೆಯಾಕಿಲ್ಲ. ನಿನ್ ಕ್ಯಾನಿಂದ, ನನ್ ಕೈಯಾರೆ, ನನ್ ಕಣ್ಮುಂದೆ ತಗೀಬೇಕು."

ಚೊಂಬಿನ ಹಾಲನ್ನು ಚರಂಡಿಗೆ ಚೆಲ್ಲಿದ. ಮುದುಕಿ ಖಾಲಿ ಚೊಂಬು ಹಿಡಿದು ಮನೆಗೆ ಹೋದಳು. ಸಾಲಿನಲ್ಲಿದ್ದವರು ನಕ್ಕರು. ಲೋಕೇಶನಿಗೆ ಅಂದು ಇಡೀ ದಿನ ಉಲ್ಲಾಸ.

ಆ ಸಾಲಿನಲ್ಲಿ ಅವನ ಹೆಂಡತಿ ರಂಜಿತಳೂ ಇದ್ದಳು. ಅವಳು ನಗಲಿಲ್ಲ. ಅವಳು ನಗುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಜನರೆದುರು ಹಲ್ಲು ಕಾಣಿಸಿದರೆ "ಇವಳಿಗೇನು ಚಿಂತೆಯೇ ಇಲ್ಲ" ಅನ್ನುತ್ತಾರೆ. ಮುಖ ಸಪ್ಪಗಿಟ್ಟರೆ "ಅದಕ್ಕೇ ಬಸಿರು ನಿಲ್ಲದಿರೋದು" ಅನ್ನುತ್ತಾರೆ. ಹಾಗಾಗಿ ಯಾವ ಮುಖ ಹೊತ್ತು ಮನೆಯಿಂದ ಹೊರಡಬೇಕೆಂದು ಅವಳು ದಿನಾ ಹೊಸ್ತಿಲಲ್ಲಿ ಒಂದು ಗಳಿಗೆ ಯೋಚಿಸುತ್ತಿದ್ದಳು.

ರಂಜಿತ ಪಾಲಹಳ್ಳಿಯ ಹುಡುಗಿ. ಶ್ರೀರಂಗಪಟ್ಟಣದಲ್ಲಿ ಬಿಕಾಂ ಓದಿದವಳು. ಮದುವೆಯ ಮಾತಿನಲ್ಲಿ ಅವಳನ್ನು ಕೆಲಸಕ್ಕೆ ಕಳಿಸುವುದಾಗಿ ಒಪ್ಪಿದ್ದರು. ಮಕ್ಕಳಾಗಲಿ, ಆಮೇಲೆ ನೋಡೋಣ ಅಂದರು. ಮಕ್ಕಳಾಗಲಿಲ್ಲ. ಟೆನ್ಶನ್ ಇದ್ದರೆ ನಿಲ್ಲುವುದಿಲ್ಲ, ಮನೆಯಲ್ಲೇ ಆರಾಮಾಗಿರಲಿ ಅಂದರು. ಮನೆಯ ಆರಾಮು ಅಂದರೆ ಇಷ್ಟು: ನಸುಕಿಗೆದ್ದು ಕೊಟ್ಟಿಗೆ ಬಾಚುವುದು, ಮೂರು ಹಸು ಕರೆಯುವುದು, ಗದ್ದೆ ಬದುವಿನಿಂದ ಹುಲ್ಲಿನ ಹೊರೆ ಹೊರುವುದು, ಮೇವು ಕತ್ತರಿಸುವುದು, ಮುದ್ದೆ ತೊಳಸುವುದು. ಇದಕ್ಕೆಲ್ಲ ಟೆನ್ಶನ್ ಅನ್ನುವುದಿಲ್ಲ.

ಈ ಆರಾಮಿನ ನಡುವೆ ಅವಳ ಮೈಗೆ ಚಿಕಿತ್ಸೆ ನಡೆಯಿತು. ಮಾತ್ರೆಯಿಂದ ಶುರುವಾಯಿತು. ಮಾತ್ರೆ ತಿಂದರೆ ತಲೆ ಸಿಡಿಯುತ್ತಿತ್ತು, ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಆಮೇಲೆ ಇಂಜೆಕ್ಷನ್. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ತಾನೇ ಚುಚ್ಚಿಕೊಳ್ಳಬೇಕು. ಚುಚ್ಚಿದ ಕಡೆ ನೀಲಿ ಕಟ್ಟುತ್ತಿತ್ತು. ಆ ನೀಲಿಯ ಮೇಲೇ ಸೀರೆಯ ನೆರಿಗೆ ಸಿಕ್ಕಿಸಿ ಅವಳು ಹುಲ್ಲಿಗೆ ಹೋಗುತ್ತಿದ್ದಳು. ಅಂಡ ಬೆಳೆದಿದೆಯೋ ಎಂದು ನೋಡಲು ಒಳಗೆ ಕೊಳವೆ ಇಟ್ಟು ಸ್ಕ್ಯಾನು. ಗರ್ಭನಾಳ ತೆರೆದಿದೆಯೋ ಎಂದು ನೋಡಲು ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ. ಆ ದಿನ ಅವಳು ಮೇಜಿನ ಮೇಲೆ ಕಿರುಚಿದ್ದಳು. ಆಯಾ ಬೈದಿದ್ದಳು, "ಇಷ್ಟಕ್ಕೇ ಇಂಗಾದ್ರೆ ಹೆರಿಗೆ ಎಂಗ್ ತಡೀತೀಯಮ್ಮಿ?" ಸಂಜೆ ಬಸ್ಸಿನಲ್ಲಿ ನಿಂತೇ ಊರಿಗೆ ಬಂದು ಅದೇ ಹೊಟ್ಟೆ ಹೊತ್ತು ಹಾಲು ಕರೆದಳು.

ಇಂಜೆಕ್ಷನ್ ಫ್ರಿಜ್ಜಿನಲ್ಲಿರಬೇಕು. ಫ್ರಿಜ್ಜು ನಡುಮನೆಯಲ್ಲಿತ್ತು. ನೆಂಟರು ನೀರು ಕೇಳಿದರೆ ಅತ್ತೆ ಚಿಕ್ಕಬೋರಮ್ಮ ಫ್ರಿಜ್ಜು ತೆಗೆದು, ಬಾಟಲಿಯ ಪಕ್ಕದ ಪೊಟ್ಟಣ ತೋರಿಸಿ, "ಅದು ಇವ್ಳ್ದು. ಮುಟ್ಬೇಡಿ, ಶ್ಯಾನೆ ದುಬಾರಿದು" ಅನ್ನುತ್ತಿದ್ದಳು. ನೀರು ಕುಡಿಯುವ ತನಕ ನೆಂಟರು ರಂಜಿತಳ ಹೊಟ್ಟೆ ನೋಡುತ್ತಿದ್ದರು.

ಎಲ್ಲಕ್ಕಿಂತ ಕೆಟ್ಟದ್ದು ಜಗಲಿ. ಆ ಮನೆಯಲ್ಲಿ ಮುಟ್ಟಾದವರು ಒಳಗಿರುವಂತಿಲ್ಲ. ಬೀದಿಯ ಕಡೆಯ ಜಗಲಿಯ ಮೂಲೆಯಲ್ಲಿ ಚಾಪೆ, ತಟ್ಟೆ, ಲೋಟ. ಆಸ್ಪತ್ರೆಯವರು ಕಾದು ನೋಡಿ ಅಂದ ಆ ದಿನಗಳಲ್ಲಿ ಅವಳು ಮೈಯೊಳಗೆ ಕಿವಿಯಿಟ್ಟುಕೊಂಡು ತಿರುಗುತ್ತಿದ್ದಳು. ಸೊಂಟ ನೋಯುತ್ತಿದೆಯೇ? ಎದೆ ಭಾರವಾಗಿದೆಯೇ? ಮೆಟ್ಟಿಲು ಹತ್ತುವಾಗ ನಿಧಾನ. ಕೆಮ್ಮಿದರೆ ಭಯ. ಕಡೆಗೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕೆಂಪು ಕಾಣುತ್ತಿತ್ತು. ಅದನ್ನು ಬಚ್ಚಿಟ್ಟುಕೊಂಡು ಒಬ್ಬಳೇ ಅಳುವುದಕ್ಕೂ ಅವಳಿಗೆ ಬಿಡುವಿರಲಿಲ್ಲ. ಚಾಪೆ ತೆಗೆದುಕೊಂಡು ಜಗಲಿಗೆ ಬರಬೇಕಾಗಿತ್ತು. ಬೀದಿಯವರಿಗೆ ರಿಸಲ್ಟು ಅಲ್ಲೇ. ನೀರಿಗೆ ಹೋಗುವವರು ಹೆಜ್ಜೆ ನಿಧಾನ ಮಾಡಿ, "ಈ ಸಲವೂ ಇಲ್ವಾ?" ಅನ್ನುತ್ತಿದ್ದರು. ಅನುಕಂಪವೇ. ಕಾಲಿಗೆ ಮುಳ್ಳು ಚುಚ್ಚಿ, ನೋಯುತ್ತಾ ಅಂತ ಬಗ್ಗಿ ಕೇಳುವ ಅನುಕಂಪ.

ಲೋಕೇಶನಿಗೂ ಒಂದು ವೀರ್ಯದ ಟೆಸ್ಟ್ ಆಗಿತ್ತು. ಶುರುವಿನಲ್ಲೇ, ಪಾಂಡವಪುರದ ಒಂದು ಲ್ಯಾಬಿನಲ್ಲಿ. ಒಂದು ಬಾಟಲಿ ಕೊಟ್ಟಿದ್ದರು. ಮನೆಯಿಂದ ತರುತ್ತೇನೆ ಅಂದಿದ್ದ, ತಂದುಕೊಟ್ಟಿದ್ದ. ನಾರ್ಮಲ್ ಎಂದು ಬಂತು. ಅಂದಿನಿಂದ ಆ ನಾರ್ಮಲ್ ಎಂಬ ಮಾತನ್ನು ಅವನು ಪದಕದ ಹಾಗೆ ಎದೆಯ ಮೇಲಿಟ್ಟುಕೊಂಡು ತಿರುಗಿದ. "ನಂದೇನಿಲ್ಲ, ಅವ್ಳ್ದೇ" ಅಂತ ಬಸ್‌ಸ್ಟಾಂಡಿನ ಟೀ ಅಂಗಡಿಯಲ್ಲೂ ಹೇಳಿದ.

ಅವಳು ತೋರಿಸುತ್ತಿದ್ದ ಮೈಸೂರಿನ ಆಸ್ಪತ್ರೆಯಲ್ಲಿ ಹೋದ ಚಳಿಗಾಲ ಒಂದು ಹೊಸ ವ್ಯವಸ್ಥೆ ಬಂತು. ಚಿಕಿತ್ಸೆಗೆ ಬರುವವರ ಮನಸ್ಸಿನ ಒತ್ತಡ ತೆಗೆಯುವ ಕ್ಲಾಸು. ಪ್ರಜ್ಞ ಎಂಬ ಹುಡುಗಿ ನಡೆಸುತ್ತಿದ್ದಳು. ಒಳ್ಳೆಯ ಹುಡುಗಿ. ಮೃದುವಾಗಿ ಮಾತಾಡುತ್ತಿದ್ದಳು. ಜೋಡಿಜೋಡಿಯಾಗಿ ಕುರ್ಚಿ ಹಾಕಿಸಿದ್ದಳು. ಗಂಡಂದಿರ ಕುರ್ಚಿಗಳಲ್ಲಿ ಹೆಂಗಸರ ಬ್ಯಾಗುಗಳು ಕೂತಿದ್ದವು.

"ಕಣ್ಮುಚ್ಚಿ. ಉಸಿರನ್ನ ನಿಧಾನವಾಗಿ ಒಳಗೆ ತಗೊಳ್ಳಿ. ಈಗ ಹೊರಗೆ ಬಿಡಿ. ಮನಸ್ಸಲ್ಲಿರೋ ಭಾರ ಹೊರಗೆ ಹೋಗ್ತಾ ಇದೆ ಅಂದ್ಕೊಳ್ಳಿ."

ಕೆ.ಆರ್. ಪೇಟೆ ಕಡೆಯ ದಪ್ಪನೆಯ ಹೆಂಗಸೊಬ್ಬಳು ಒಂದು ಕಣ್ಣು ಬಿಟ್ಟಳು. "ನಮ್ ಉಸ್ರು ನಾವ್ ಬುಡ್ತೀವಿ ಮೇಡಂ. ನಮ್ಮತ್ತೆ ಬಾಯಿ ಮುಚ್ಚಾಕೆ ಏನಾರ ಎಕ್ಸಸೈಜ್ ಅದಾ?"

ಎಲ್ಲರೂ ನಕ್ಕರು. ಪ್ರಜ್ಞಳೂ ನಕ್ಕಳು. ಬಹಳ ದಿನಗಳ ಮೇಲೆ ರಂಜಿತಳೂ ನಕ್ಕಳು. ನಕ್ಕವಳು ಹಾಗೇ ಅಳತೊಡಗಿದಳು. ನಿಲ್ಲಿಸಲು ಆಗಲೇ ಇಲ್ಲ. ಪ್ರಜ್ಞ ಪಕ್ಕ ಬಂದು ಕೂತು, "ಮನೆಯವರ ಜೊತೆ ಮನಸ್ಸು ಬಿಚ್ಚಿ ಮಾತಾಡ್ತೀರಾ?" ಅಂತ ಕೇಳಿದಳು.

"ಅವರು ಕಾರಲ್ಲಿದ್ದಾರೆ," ಅಂದಳು ರಂಜಿತ.

ಅದೇ ದಿನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಹೇಳಿದರು. ಇನ್ನು ಟೆಸ್ಟ್‌ಟ್ಯೂಬ್ ಬೇಬಿ ಒಂದೇ ದಾರಿ. ಅದಕ್ಕೆ ಮುಂಚೆ ಯಜಮಾನರದ್ದು ಹೊಸದಾಗಿ ಟೆಸ್ಟ್ ಆಗಬೇಕು. ಹಳೆಯದು ನಡೆಯುವುದಿಲ್ಲ.

"ಅದ್ರಲ್ಲಿ ನಾರ್ಮಲ್ ಅಂತ ಬಂದದಲ್ಲ ಮೇಡಂ," ಅಂದ ಲೋಕೇಶ.

"ಇರಲಿ. ಹೊಸದು ಬೇಕು."

"ಸರಿ, ಮನೆಯಿಂದ ತಂದ್ಕೊಡ್ತೀನಿ."

"ಮನೆಯಿಂದ ತರೋ ಹಾಗಿಲ್ಲ. ಇಲ್ಲೇ ರೂಮಿದೆ. ಇವತ್ತೇ ಕೊಡಬಹುದು."

ಲೋಕೇಶ ಎದ್ದು ನಿಂತ. ಕಾರು ಅಡ್ಡ ನಿಲ್ಲಿಸಿದ್ದೇನೆ, ತೆಗೆದು ಬರುತ್ತೇನೆ ಅಂದ. ಹೋದವನು ಬರಲಿಲ್ಲ. ರಂಜಿತ ಹೊರಗೆ ಹೋಗಿ ನೋಡಿದರೆ ಕಾರು ನೆಟ್ಟಗೇ ನಿಂತಿತ್ತು. ಅವನು ಒಳಗೆ ಬೆಲ್ಟು ಹಾಕಿಕೊಂಡು ಕೂತಿದ್ದ.

ಊರಿಗೆ ಹೊರಟರು. ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗ, ಮುಂದಿನ ಲೋಡನ್ನೇ ನೋಡುತ್ತಾ, "ಸಾಕು ಬುಡು ಆಸ್ಪತ್ರೆ. ನಿನ್ ಮೈಗೂ ಕಷ್ಟ" ಅಂದ. ಮದುವೆಯಾದ ಮೇಲೆ ಅವಳ ಮೈಯ ಕಷ್ಟ ಅವನಿಗೆ ನೆನಪಾದದ್ದು ಅದೇ ಮೊದಲು. ಒಳ್ಳೆಯವನು ಅಂದುಕೊಂಡಳು. ಪಾಪ, ಬಿಕಾಂ ಓದಿದ್ದಳು.

ತಿಂಗಳು ಕಳೆಯುವಷ್ಟರಲ್ಲಿ ಎರಡನೇ ಮದುವೆಯ ಮಾತು ಮನೆಯೊಳಗೆ ಬಂತು. ತಂದವನು ಕುಳ್ಳಯ್ಯ, ಮಾವ ಶಿವಣ್ಣನ ದಾಯಾದಿ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಯಾರ ಮನೆಯ ಪಂಚಾಯಿತಿಯಲ್ಲೂ ಮೊದಲ ಕುರ್ಚಿ. ನಾಗಮಂಗಲದ ಹತ್ತಿರ ಬೋರಯ್ಯ ಎಂಬವರ ಮಗಳಿದ್ದಾಳೆ, ಹೇಮ ಅಂತ. ಒಂದು ನಿಶ್ಚಯವಾಗಿ ಮುರಿದುಬಿದ್ದಿದೆ. ಹಾಗಾಗಿ ಎರಡನೇ ಹೆಂಡತಿಯಾಗಿ ಕೊಡಲೂ ಒಪ್ಪುತ್ತಾರೆ.

ಕಾನೂನಿನಲ್ಲಿ ಇದು ನಡೆಯುವುದಿಲ್ಲ ಎಂದು ಕುಳ್ಳಯ್ಯನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವನ ಬಳಿ ಹಳೆಯದೊಂದು ಕಟ್ಟಳೆ ಇತ್ತು. ಮೊದಲ ಹೆಂಡತಿ ತಾನೇ ಹೆಣ್ಣಿನ ಮನೆಗೆ ಹೋಗಬೇಕು. ಹಿರಿಯರ ಎದುರು, ತನ್ನ ಕೈಯಾರೆ, ಹುಡುಗಿಯ ಕೈಗೆ ವೀಳ್ಯ ಕೊಟ್ಟು, "ನನ್ನ ತಂಗಿಯಾಗಿ ಬಾ" ಅನ್ನಬೇಕು. ಕೊಟ್ಟ ಕೈ ನಾಳೆ ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಬರೆಯಲಾರದು. ಕತ್ತು ಕೊಯ್ಯುವುದಕ್ಕೂ ಕೊಯ್ಯಿಸಿಕೊಳ್ಳುವವಳ ಕೈಯಲ್ಲೇ ಕತ್ತಿ ಹಿಡಿಸುವ ಜಾಣತನ. ಅದಕ್ಕೆ ಅವರು ಮರ್ಯಾದೆ ಅನ್ನುತ್ತಾರೆ.

"ನೀನೇ ದೊಡ್ಡೋಳಾಗಿರ್ತೀಯ ಕಣಮ್ಮಿ," ಅಂದ ಕುಳ್ಳಯ್ಯ. "ಕೀಲಿ ಕೈ ನಿನ್ ಸೊಂಟದಲ್ಲೇ. ಅವ್ಳು ಎರ್ತಾಳೆ, ನೀನ್ ಸಾಕ್ತೀಯ. ಮಗೀಗೆ ಇಬ್ರು ಅವ್ವಂದ್ರು."

ಅವಳು ಪಾಲಹಳ್ಳಿಗೆ ಫೋನು ಮಾಡಿದಳು. ಅಣ್ಣ ದಿಲೀಪ್, "ಮನೆಯಿಂದ ಆಚೆಗೆ ಆಕ್ತಾ ಇಲ್ವಲ್ಲ. ಅಡ್ಜಸ್ಟ್ ಮಾಡ್ಕೊ" ಅಂದ. ಅವಳು ಹೂಂ ಅಂದಳು. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಒಂದು ಸಮಾಧಾನವೂ ಆಗಿತ್ತು. ಇನ್ನು ಸೂಜಿ ಇಲ್ಲ, ಕಾಯುವುದೂ ಇಲ್ಲ. ಜಗಲಿಯಲ್ಲಿ ಕೂತರೆ ಬೀದಿಯವರು ಇನ್ನೊಬ್ಬಳ ಕಡೆ ನೋಡುತ್ತಾರೆ. ಅಷ್ಟರ ಮಟ್ಟಿಗೆ ಅವಳನ್ನು ಸವೆಸಿದ್ದರು.

ನಾಗಮಂಗಲಕ್ಕೆ ಹೋಗಲು ದಿನ ಗೊತ್ತಾದ ಮೇಲೆ ಒಂದು ಮಧ್ಯಾಹ್ನ ಅವಳು ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು. ಲೋಕೇಶನ ಚಿಕ್ಕಪ್ಪನ ಮಗ ಅಪ್ಪು ಅಂತ ಒಬ್ಬನಿದ್ದಾನೆ. ಡೈರಿಯ ಹಾಲಿನ ಗಾಡಿ ಓಡಿಸುತ್ತಾನೆ. ಆ ಕೆಲಸ ಕೊಡಿಸಿದವನು ಲೋಕೇಶನೇ. ಅಪ್ಪುವಿನ ಮಗ ಚಿನ್ನು ನಲ್ಲಿಯ ಕೆಸರಿನಲ್ಲಿ ಜಾರಿಬಿದ್ದ. ರಂಜಿತ ಬಿಂದಿಗೆ ಬಿಟ್ಟು ಮಗುವನ್ನು ಎತ್ತಿಕೊಂಡು ಸೆರಗಿನಿಂದ ಮೂಗು ಒರೆಸಿದಳು. ಅಪ್ಪುವಿನ ಹೆಂಡತಿ ಕುಸುಮ ಓಡಿಬಂದು ಮಗುವನ್ನು ಕಿತ್ತುಕೊಂಡಳು.

"ಮುಟ್ಬ್ಯಾಡ ಕಣಕ್ಕ. ಬ್ಯಾಸ್ರ ಮಾಡ್ಕಬ್ಯಾಡ. ಮೊನ್ನೆ ನೀನ್ ಎತ್ಕಂಡ್ ಮ್ಯಾಲೇ ಇವುನ್ಗೆ ಜರ ಬಂದಿದ್ದು."

"ನನ್ನ ಕೈಯಲ್ಲಿ ಜ್ವರ ಇದೆಯಾ ಕುಸುಮ?"

"ಕೈಯಾಗಿಲ್ದೆ ಇರ್ಬೋದು. ಹೊಟ್ಟೆಯಾಗೆ ಉರಿ ಇರ್ದೆ ಇರ್ತದಾ?"

ಇಂಥವಕ್ಕೆ ರಂಜಿತ ಉತ್ತರ ಕೊಟ್ಟವಳಲ್ಲ. ಅಂದು ಯಾಕೋ ಬಾಯಿ ಬಿಟ್ಟಳು. "ನನ್ನ ಗಂಡ ಕೊಡಿಸಿದ ಕೆಲಸದಲ್ಲಿ ನಿಮ್ಮ ಒಲೆ ಉರಿಯೋದು. ಅದು ಮಾತ್ರ ನೆನಪಿರಲಿ."

ಕುಸುಮಳ ಮುಖ ಕೆಂಪಾಯಿತು. "ಸುಮ್ಕೆ ಕೊಡಿಸ್ಲಿಲ್ಲ ಕಣಕ್ಕ. ನಿನ್ ಗಂಡ ಪಾಸಾಗವ್ನಲ್ಲ ಪಾಂಡವಪುರದಲ್ಲಿ, ಅದು ನನ್ ಗಂಡನ್ ದೆಸೆಯಿಂದ. ಆ ಬಾಟ್ಲಿ ನಮ್ಮೋರ್ದು. ಓಗಿ ಕೇಳ್ಕೊ."

ಹೇಳಿದ ಮೇಲೆ ಅವಳೇ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಲ್ಲಿಯ ನೀರು ಬಿಂದಿಗೆ ತುಂಬಿ ಹೊರಗೆ ಹರಿಯುತ್ತಿತ್ತು.

ರಂಜಿತ ಬಿಂದಿಗೆ ಸೊಂಟಕ್ಕಿಟ್ಟು ಮನೆಗೆ ಬಂದಳು. ನೀರನ್ನು ಹಂಡೆಗೆ ಸುರಿದಳು. ಮತ್ತೆ ಹೊರಟು ನೆಟ್ಟಗೆ ಡೈರಿಯ ಹಿಂದೆ ಹೋದಳು. ಅಪ್ಪು ಕ್ಯಾನು ತೊಳೆಯುತ್ತಿದ್ದ. ಅವಳ ಮುಖ ನೋಡಿದ್ದೇ ಅವನಿಗೆ ಗೊತ್ತಾಯಿತು.

"ನಿಜಾನಾ ಅಪ್ಪು?"

"ಅಣ್ಣ ಕೇಳ್ತು ಅತ್ಗೆ. ಒಂದ್ ಸಲ ಮಾನ ಉಳಿಸ್ಲಾ ಅಂತು. ಇಲ್ಲ ಅನ್ನಾಕಾಯ್ತದಾ?" ಅವನು ಕ್ಯಾನಿನೊಳಗೆ ತಲೆಹಾಕಿ ಉಜ್ಜುತ್ತಲೇ ಇದ್ದ. "ಅಣ್ಣಂಗೆ ಏನಾರ ಐತೆ ಅಂತಲ್ಲ. ಇದ್ದುಬುಟ್ರೆ ಅಂತ ಭಯ ಅಷ್ಟೇಯ."

ಇದ್ದುಬಿಟ್ಟರೆ ಎಂಬ ಭಯ ಅವನಿಗೆ. ಅದಕ್ಕೆ ಸೂಜಿ ಇವಳಿಗೆ. ಅವನು ತನ್ನದನ್ನು ತಾನೇ ನೋಡಿಕೊಳ್ಳಲು ಹೆದರಿದ. ಹಾಗಾಗಿ ಇವಳನ್ನು ಮೇಜಿನ ಮೇಲೆ ಮಲಗಿಸಿ, ಕಾಲು ಅಗಲಿಸಿ, ಬೆಳಕು ಬಿಟ್ಟು ಊರೆಲ್ಲ ನೋಡಿತು. ರಂಜಿತ ಅಂದು ಸಂಜೆ ಮೇವು ಕತ್ತರಿಸುವ ಚಕ್ರದ ಮುಂದೆ ನಿಂತು ಹಸಿ ಜೋಳದ ದಂಟನ್ನು ಹಿಡಿಹಿಡಿಯಾಗಿ ನೂಕಿದಳು. ತೋಳು ಸೋತರೂ ಚಕ್ರ ಬಿಡಲಿಲ್ಲ. ಮೂರು ಹಸುವಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಮೇವು ಕೊಟ್ಟಿಗೆಯಲ್ಲಿ ರಾಶಿ ಬಿತ್ತು.

ಲೋಕೇಶ ಕೊಟ್ಟಿಗೆಗೆ ಬಂದ. "ಏನೇ ಇದು, ಊರ ಹಸುಗಳ್ಗೆಲ್ಲ ಕುಯ್ದಿದ್ದೀಯ?"

"ದೊಡ್ಡತಾಯಮ್ಮನ ಚೊಂಬು ಯಾಕೆ ಚೆಲ್ಲಿದ್ರಿ ನೀವು?"

"ಅದ್ಯಾಕೆ ಈಗ?"

"ಇನ್ನೊಬ್ಬರದು ತಂದು ತನ್ನದು ಅಂದಳು. ಅದಕ್ಕೆ ತಾನೆ?"

ಅವನು ಹಸುವಿನ ಬೆನ್ನು ಸವರಿದ. "ಯಾರ್ ಯೋಳಿದ್ದು?"

"ಅವಳು ಮುದುಕಿ. ಅನ್ನಕ್ಕಾಗಿ ಮಾಡಿದಳು. ನೀವು ಯಾಕೆ ಮಾಡಿದ್ರಿ?"

"ಅದು ಬ್ಯಾರೆ, ಇದು ಬ್ಯಾರೆ. ಗಂಡಸ್ರ ಇಚಾರ ನಿಂಗೆ ಅರ್ಥ ಆಗಾಕಿಲ್ಲ."

"ಹೆಂಗಸರ ವಿಚಾರ ಊರಿಗೆಲ್ಲ ಅರ್ಥ ಆಗಿದೆಯಲ್ಲ. ಗಂಡಸರದು ಮಾತ್ರ ಏನು ಅಷ್ಟು ಕಷ್ಟ? ನಾಳೆ ಮೈಸೂರಿಗೆ ಹೋಗೋಣ. ಒಂದು ರೂಮು, ಒಂದು ಬಾಟಲಿ. ಸೂಜಿಯೂ ಇಲ್ಲ."

ಅವನು ಕೈ ಎತ್ತಿದ. ಹೊಡೆಯಲಿಲ್ಲ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಚಿಕ್ಕಬೋರಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಹೊಸದೇನೂ ಇರಲಿಲ್ಲ.

"ನಂಗೊತ್ತಿತ್ತು ಕಣಮ್ಮಿ," ಅಂದಳು. ದನಿ ಏರಿಸಲಿಲ್ಲ. "ಗಂಡ್ಸಿನ ಮಾನ ಓದ್ರೆ ಮನೆ ಉಳೀತದಾ?"

"ನನ್ನ ಮಾನ ಅತ್ತೆ?"

"ನಿಂದು ಆಗ್ಲೇ ಓಗದಲ್ಲ. ಇನ್ನೊಬ್ರುದನ್ನೂ ಯಾಕೆ ಕಳೀತೀಯ?"

"ಹಾಗಾದ್ರೆ ಆ ಹುಡುಗಿ ಬಂದ ಮೇಲೂ ಆಗದಿದ್ರೆ?"

"ಆಗ ನೋಡುವ," ಅಂದಳು ಚಿಕ್ಕಬೋರಮ್ಮ. ಅಷ್ಟು ಸಲೀಸು. ಇನ್ನೊಬ್ಬಳ ಹೊಟ್ಟೆಯೂ ನೀಲಿಯಾಗಲಿ, ಆಮೇಲೆ ನೋಡುವ.

ರಂಜಿತ ಆಮೇಲೆ ಮಾತು ಬೆಳೆಸಲಿಲ್ಲ. ಅವಳು ಒಪ್ಪಿದಳು ಅಂದುಕೊಂಡರು. ಹೊರಡುವ ದಿನ ಅತ್ತೆಯೇ ತನ್ನ ರೇಷ್ಮೆ ಸೀರೆ ಕೊಟ್ಟಳು. ರಂಜಿತ ಉಟ್ಟಳು. ಬೆಳ್ಳಿ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಒಂದು ಮೊಳ ಮಲ್ಲಿಗೆ ಜೋಡಿಸಿಕೊಂಡು ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡಳು. ಲೋಕೇಶ ಓಡಿಸಿದ. ಕುಳ್ಳಯ್ಯ ಮುಂದೆ ಕೂತು ದಾರಿಯುದ್ದಕ್ಕೂ ಬೆಲ್ಲದ ರೇಟಿನ ಬಗ್ಗೆ ಮಾತಾಡಿದ. ಹಿಂದಿನ ಸೀಟಿನಲ್ಲಿ ಅವಳ ಜೊತೆ ಅತ್ತೆ, ಮಾವ. ಏನು ಮಾಡುತ್ತೇನೆ ಎಂದು ರಂಜಿತಳಿಗೂ ಇನ್ನೂ ಸ್ಪಷ್ಟವಿರಲಿಲ್ಲ.

ಬೋರಯ್ಯನ ಮನೆ ನಾಗಮಂಗಲದಿಂದ ಸ್ವಲ್ಪ ಆಚೆ. ಸಿಮೆಂಟ್ ಶೀಟಿನ ಚಾವಣಿ, ಗುಡಿಸಿ ನೀರು ಚಿಮುಕಿಸಿದ ಅಂಗಳ. ಬೋರಯ್ಯನ ಅಣ್ಣತಮ್ಮಂದಿರು ನಾಲ್ಕೈದು ಜನ ಆಗಲೇ ಕೂತಿದ್ದರು. ಒಳಗಿನಿಂದ ಅವರೆಕಾಳು ಸಾರಿನ ಘಮ ಬರುತ್ತಿತ್ತು. ಪಾಪ, ಅಡುಗೆ ಮಾಡಿ ಕಾದಿದ್ದರು.

ಹೇಮಳ ತಾಯಿ ರಂಜಿತಳನ್ನು ಮೊದಲು ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿದಳು. ಅವಳ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಳು. "ನಿಮ್ ಮನ್ಸು ದೊಡ್ಡದು ಕಣವ್ವ. ಈಸು ಸಣ್ಣ ವಯಸ್ಸಿಗೇ ಗರ್ಭಕೋಶ ತಗಿಸ್ಬುಟ್ರಂತಲ್ಲ. ಯಾವಾಗಾಯ್ತು ಆಪ್ರೇಸನ್ನು?"

ರಂಜಿತ ತಲೆಯೆತ್ತಿದಳು. "ಯಾರು ಹೇಳಿದ್ರು?"

"ಕುಳ್ಳಯ್ಯನೋರು. ಅದ್ಕೇ ಅಲ್ವಾ ನಾವು ಒಪ್ಪಿದ್ದು. ಇಲ್ದಿದ್ರೆ ಒಂದ್ ಹೆಣ್ಣಿನ್ ಬಾಳಿನ್ ಮ್ಯಾಲೆ ಇನ್ನೊಂದ್ ಹೆಣ್ಣ ಎಂಗ್ ಕೊಡಾನೆ?"

ಹೊರಗೆ ಕುಳ್ಳಯ್ಯ ಗಂಟಲು ಸರಿಮಾಡಿಕೊಂಡ. "ಹೊತ್ತಾಯ್ತದೆ. ಕರ್ಕಂಬನ್ನಿ."

ಹೇಮ ಬಂದು ನಿಂತಳು. ತೆಳ್ಳನೆಯ ಹುಡುಗಿ, ಚುರುಕು ಕಣ್ಣು. ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳಂತೆ, ನಿಶ್ಚಯ ಮುರಿದ ಮೇಲೆ ಬಿಡಿಸಿದ್ದರಂತೆ. ಯಾರ ಕಡೆಯೂ ನೋಡಲಿಲ್ಲ. ಎರಡು ಕೈಗಳನ್ನೂ ಜೋಡಿಸಿ, ಬೊಗಸೆ ಮಾಡಿ ಮುಂದೆ ಚಾಚಿದಳು. ಹಾಗೆ ಚಾಚಬೇಕೆಂದು ಹೇಳಿಕೊಟ್ಟಿದ್ದರು.

"ಕೊಡವ್ವ," ಅಂದ ಕುಳ್ಳಯ್ಯ. "ಕೊಟ್ಟು, ತಂಗಿ ಅಂತ ಕರಿ."

ರಂಜಿತ ತಟ್ಟೆಯಿಂದ ವೀಳ್ಯದೆಲೆ ಎತ್ತಿಕೊಂಡಳು. ಹುಡುಗಿಯ ಕೈ ನೋಡಿದಳು. ಎಲೆಯನ್ನು ಮತ್ತೆ ತಟ್ಟೆಯಲ್ಲಿಟ್ಟಳು.

"ಯಜಮಾನ್ರೇ," ಎಂದು ಬೋರಯ್ಯನ ಕಡೆ ತಿರುಗಿದಳು. ಮಾತು ತಾನಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿ ಬಂತು. "ನನ್ನ ಗರ್ಭಕೋಶ ಯಾರೂ ತೆಗೆದಿಲ್ಲ. ಅದು ಇದ್ದ ಜಾಗದಲ್ಲೇ ಇದೆ. ನನ್ನ ಮೈಯನ್ನ ಒಳಗೆ ಹೊರಗೆ ಎಲ್ಲ ಟೆಸ್ಟ್ ಮಾಡಿ ನೋಡಿದ್ದಾರೆ. ಕೊರತೆ ಇದೆ ಅಂತ ಯಾವ ಡಾಕ್ಟರೂ ಹೇಳಿಲ್ಲ."

"ಲೇ," ಅಂದ ಲೋಕೇಶ.

"ಇವರನ್ನ ಮಾತ್ರ ಯಾರೂ ನೋಡಿಲ್ಲ. ಲ್ಯಾಬಿಗೆ ಇವರು ಕೊಟ್ಟಿದ್ದು ತಮ್ಮದಲ್ಲ, ಚಿಕ್ಕಪ್ಪನ ಮಗನದು. ಆ ಹುಡುಗನಿಗೆ ಮಕ್ಕಳಿದ್ದಾರೆ. ಅದಕ್ಕೇ ಸರಿಯಾಗಿದೆ ಅಂತ ಬಂತು. ಡಾಕ್ಟರು ಎದುರಿಗೇ ಕೊಡಿ ಅಂದಾಗ ಇವರು ಓಡಿಬಂದು ಕಾರಲ್ಲಿ ಕೂತರು. ಇವರಲ್ಲಿ ಕೊರತೆ ಇದೆ ಅಂತ ನಾನು ಹೇಳ್ತಾ ಇಲ್ಲ. ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ. ತಿಳ್ಕೊಳ್ಳೋ ಧೈರ್ಯ ಇಲ್ಲ. ನಿಮ್ಮ ಮಗಳ ಮೇಲೆ ಪ್ರಯೋಗ ಮಾಡಿ ನೋಡೋಣ ಅಂತ ಬಂದಿದ್ದಾರೆ."

ಚಿಕ್ಕಬೋರಮ್ಮ ಎದ್ದಳು. "ಬುದ್ಧಿ ಸರಿಯಿಲ್ಲ ಇವಳ್ಗೆ. ಆ ಇಂಜೆಕ್ಸನ್ ತಕಂಡು ತಕಂಡು ತಲೆ ಕೆಟ್ಟೋಗದೆ. ನಂಬಬ್ಯಾಡಿ."

"ಅದೂ ನಿಜ ಅತ್ತೆ. ತಲೆ ಕೆಟ್ಟಿದ್ದಕ್ಕೇ ಇಷ್ಟು ವರ್ಷ ನಿಮ್ಮ ಮಾತು ಕೇಳಿದೆ."

ಕುಳ್ಳಯ್ಯ ಟವೆಲು ಕೊಡವಿದ. "ಗಂಡಸ್ರು ಕೂತಿರೋ ಕಡೆ ಇಂಥಾ ಮಾತಾ? ಬೋರಯ್ಯನೋರೇ, ಹೆಂಗಸ್ರ ಮಾತ್ನ ಮನಸ್ಗೆ ಹಾಕ್ಕಬ್ಯಾಡಿ. ಸವತಿ ಮಾತ್ಸರ್ಯ. ನಾಕ್ ದಿನ ಇರ್ತದೆ, ಓಯ್ತದೆ."

ಬೋರಯ್ಯ ಅಣ್ಣತಮ್ಮಂದಿರ ಮುಖ ನೋಡಿದ. ಅವರು ನೆಲ ನೋಡಿದರು. ಮಾತಾಡಿದವಳು ಹೇಮ. ಅವಳು ಚಾಚಿದ್ದ ಕೈ ಕೆಳಗಿಳಿಸಿ ನೆಟ್ಟಗೆ ಲೋಕೇಶನ ಕಡೆ ನೋಡಿದಳು.

"ಅಕ್ಕ ಯೋಳಿದ್ದು ಸುಳ್ಳಾ?"

ಲೋಕೇಶ ಫೋನು ತೆಗೆದು ಅದರಲ್ಲಿ ಏನೋ ಹುಡುಕತೊಡಗಿದ.

"ಸುಳ್ಳು ಅಂದ್ರೆ ಸುಳ್ಳು ಅನ್ನಿ. ಟೆಸ್ಟ್ ಮಾಡಿಸ್ಕಂಡ್ ಬತ್ತೀನಿ ಅನ್ನಿ. ಒಂದ್ ಮಾತು."

ಅವನು ಫೋನಿನಿಂದ ಕಣ್ಣೆತ್ತಲಿಲ್ಲ.

ಬೋರಯ್ಯ ಎದ್ದು ನಿಂತ. ಕೋಪದ ಮನುಷ್ಯನಲ್ಲ. ಕೈ ಮುಗಿದೇ ಹೇಳಿದ. "ಎದ್ದೇಳಿ ಸ್ವಾಮಿ. ನಾವ್ ಬಡವ್ರು ದಿಟ.  ಆದ್ರೆ ಇಷ್ಟೊಂದು ಬಡವ್ರಲ್ಲ."

ಕುಳ್ಳಯ್ಯ ಚಪ್ಪಲಿ ಮೆಟ್ಟುವಾಗಲೂ ಬೈಯುತ್ತಿದ್ದ. ಬೋರಯ್ಯನನ್ನಲ್ಲ, ಕಾಲ ಕೆಟ್ಟುಹೋದದ್ದನ್ನು. ಚಿಕ್ಕಬೋರಮ್ಮ ತಟ್ಟೆಯನ್ನು ಕಿತ್ತುಕೊಂಡಳು. ಬೆಳ್ಳಿಯದಲ್ಲವೇ. ಕಾಯಿ ಉರುಳಿ ಅಂಗಳಕ್ಕೆ ಹೋಯಿತು. ಹಿಂದಿನಿಂದ ಬಂದ ಮಾವ ಶಿವಣ್ಣ, ಆ ಮನೆಯಲ್ಲಿ ಯಾವ ವಿಷಯಕ್ಕೂ ಬಾಯಿ ಹಾಕದ ಮನುಷ್ಯ, ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದ: "ಬಾರವ್ವ. ಕಾರು ಹತ್ತು. ಮನೇಲಿ ಮಾತಾಡುವ."

"ಇಷ್ಟು ವರ್ಷ ಮನೇಲೇ ಇದ್ದೆನಲ್ಲ ಮಾವ. ಒಂದು ದಿನವಾದರೂ ಮಾತಾಡಿದ್ರಾ?"

ಶಿವಣ್ಣ ಹೊರಟುಹೋದ.

ಮನೆಯೊಳಗೆ ರಂಜಿತ ಗೋಡೆ ಹಿಡಿದು ಕೂತಳು. ಇವರ ಮನೆಗೆ ಬಂದು, ಇವರ ಮಗಳ ಎರಡನೇ ಸಂಬಂಧವನ್ನೂ ಮುರಿದಿದ್ದಳು. ಊರು ಇನ್ನು ಈ ಹುಡುಗಿಯನ್ನೂ ಸುಮ್ಮನೆ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೇಮಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಾಳೆಲೆ ತಂದು ರಂಜಿತಳ ಮುಂದೆ ಹಾಸಿದಳು. "ಉಣ್ಣವ್ವ. ಬೆಳಗಿಂದ ಏನೂ ತಿಂದಂಗ್ ಕಾಣಾಕಿಲ್ಲ."

ಮುದ್ದೆ ಇಟ್ಟರು, ಅವರೆಕಾಳು ಸಾರು ಬಿಟ್ಟರು. ಅವಳು ತಲೆ ಎತ್ತದೆ ಉಂಡಳು. ಹೇಮ ಪಕ್ಕದಲ್ಲಿ ಮೊಣಕಾಲು ಮಡಿಸಿ ಕೂತು ನೋಡುತ್ತಿದ್ದಳು.

"ಆ ಇಂಜೆಕ್ಸನ್ ನೋಯ್ತದಾ ಅಕ್ಕ?"

"ನೋಯುತ್ತೆ," ಅಂದಳು ರಂಜಿತ. "ಮೊದಲನೇ ದಿನ ಕೈ ಬರೋದಿಲ್ಲ. ಸೂಜಿ ಹಿಡ್ಕೊಂಡು ಸುಮ್ಮನೆ ಕೂತಿರ್ತೀವಿ. ನಿಜವಾಗಿ ನೋಯೋದು ಆಮೇಲೆ, ಕಾಯೋವಾಗ."

ಹೇಮ ಲೋಟಕ್ಕೆ ನೀರು ಬಗ್ಗಿಸಿಟ್ಟಳು.

ಹೊರಗೆ ಕಾರಿನ ಹಾರನ್ ಕೇಳಿತು. ಒಂದು ಸಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ, ಉದ್ದಕ್ಕೆ. ಬೋರಯ್ಯ ಬಾಗಿಲಿಗೆ ಹೋಗಿ ಇಣುಕಿ ಬಂದ.

"ನಿಮ್ಮೋರು ಇನ್ನೂ ನಿಂತವ್ರೆ ಕಣವ್ವ. ಕರೀತಾವ್ರೆ."

ರಂಜಿತ ಮುದ್ದೆ ಮುರಿದಳು.

"ಕರೀಲಿ ಬಿಡಿ," ಅಂದಳು. "ಇನ್ನೊಂದು ಚೂರು ಸಾರು ಹಾಕಿ."